ಊಟಕ್ಕೆ ಮುಂಚಿನ ಸೂಜಿ

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ನೋಯುವಂಥದ್ದು ಏನೇ ಇದ್ದರೂ ಊಟಕ್ಕೆ ಮುಂಚೆ ಮುಗಿಯಬೇಕು. ತಟ್ಟೆಯ ಮುಂದೆ ಕೂತ ಮೇಲೆ ಯಾರೂ ಯಾರನ್ನೂ ನೋಯಿಸುವಂತಿಲ್ಲ.

ಇದನ್ನು ಮಾಡಿದವಳು ನನ್ನ ಅಕ್ಕ ಗೌತಮಿ. ಸಣ್ಣವನಿದ್ದಾಗ ಕುರುಗೋಡಿನ ಗುಡ್ಡದ ಕೆಳಗೆ ಬರಿಗಾಲಲ್ಲಿ ಅಲೆದು, ಜಾಲಿಮುಳ್ಳು ಮುರಿಸಿಕೊಳ್ಳದೆ ನಾನು ಮನೆಗೆ ಬಂದದ್ದೇ ಕಡಿಮೆ. ಅವ್ವ ಸತ್ತಿದ್ದಳು. ಅಪ್ಪ ಕ್ವಾರಿ ಕೆಲಸಕ್ಕೆಂದು ಹೋಗಿ ಮೊದಮೊದಲು ಬಂದು ಹೋಗುತ್ತಿದ್ದ, ಆಮೇಲೆ ಅದೂ ನಿಂತಿತು. ಅಕ್ಕ ಸಂಜೆ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಳೆಗೆ ಸಿಕ್ಕಿಸಿದ ಪಿನ್ನು ತೆಗೆದು ಕೂರುತ್ತಿದ್ದಳು. "ಎಷ್ಟ್ ಅದಾವೋ ಎಲ್ಲಾ ಈಗ್ಲೇ ತೋರ್ಸು. ಉಂಡ ಮ್ಯಾಲೆ ನಾನು ಮುಟ್ಟಂಗಿಲ್ಲ, ನೀನು ಅಳಂಗಿಲ್ಲ," ಅನ್ನುತ್ತಿದ್ದಳು. ಕಣ್ಣು ಮುಚ್ಚಿಕೊಳ್ಳುವುದು ನನ್ನ ಕೆಲಸ. ಕೊನೆಯ ಮುಳ್ಳು ಬಂದ ಮೇಲೆಯೇ ರೊಟ್ಟಿ. ಅಂಗಾಲು ಉರಿಯುತ್ತಿದ್ದರೂ ಆ ರೊಟ್ಟಿ ತಿನ್ನುವಾಗ ಒಂದು ಧೈರ್ಯ ಇರುತ್ತಿತ್ತು. ಇವತ್ತಿನ ನೋವು ಇವತ್ತಿಗೆ ತೀರಿತು, ಇನ್ನು ಯಾರೂ ಏನೂ ಮಾಡುವುದಿಲ್ಲ.

ಎಂಟನೇ ಕ್ಲಾಸಿನಲ್ಲಿ ಮೇಷ್ಟರೊಬ್ಬರು ನನ್ನ ಹೆಸರು ಬಿಟ್ಟು ನಮ್ಮ ಕೇರಿಯ ಹೆಸರು ಹಿಡಿದು ಕರೆದರೆಂದು ಚೀಲವನ್ನು ಬೆಂಚಿನ ಮೇಲೇ ಬಿಟ್ಟು ಎದ್ದುಬಂದವನು ನಾನು. ಚೀಲ ತರಲು ಹೋದದ್ದು ಅಕ್ಕ. ಶಾಲೆಗೆ ಮಾತ್ರ ನಾನು ಮತ್ತೆ ಹೋಗಲಿಲ್ಲ. ಸಿಟ್ಟು ನನಗೆ ಬಂದು ಹೋಗುವುದಲ್ಲ, ಮನೆಯವನ ಹಾಗೆ ನನ್ನೊಳಗೇ ಇರುತ್ತದೆ. ಈಗ ಕುರುಗೋಡಿನಿಂದ ದಿನಾ ಹೋಗಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಕತ್ತರಿಸುತ್ತೇನೆ. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮಷಿನ್ನಿನ ಬ್ಲೇಡು ಓಡಿಸುವ ಕೆಲಸ. ಅದಕ್ಕೆ ಅಲುಗದ ಕೈ ಬೇಕು. ಸಿಟ್ಟಿನವನಾದರೂ ಕೆಲಸದ ಹೊತ್ತಿಗೆ ನನ್ನ ಕೈ ಅಲುಗುವುದಿಲ್ಲ.

ಆ ಕೈಗೇ ಅಕ್ಕ ತನ್ನ ಹೊಟ್ಟೆಯನ್ನು ಒಪ್ಪಿಸಿದಳು.

ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿದೆ. ಮಾವ ರಾಮಾಂಜಿನಿ ಅಲ್ಲಿನ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಾನೆ. ಎರಡು ಸಲ ಅಕ್ಕನ ಬಸಿರು ನಿಂತು, ಎರಡು ಸಲವೂ ಹೊಟ್ಟೆ ಕಾಣಿಸಿಕೊಳ್ಳುವ ಹೊತ್ತಿಗೆ ಹೋಯಿತು. ಅಕ್ಕನ ರಕ್ತ ಹೆಪ್ಪುಗಟ್ಟುವ ಜಾತಿಯದು, ಮಗುವಿಗೆ ಹೋಗುವ ದಾರಿಯಲ್ಲೇ ಗಟ್ಟಿಯಾಗಿಬಿಡುತ್ತದೆ ಎಂದು ಸಿರುಗುಪ್ಪದ ಹೆರಿಗೆ ಡಾಕ್ಟರಮ್ಮ ಕಂಡುಹಿಡಿದರು. ಈ ಸಲ ಬಸಿರು ನಿಂತ ಕೂಡಲೇ ರಕ್ತ ತೆಳ್ಳಗೆ ಮಾಡುವ ಇಂಜೆಕ್ಷನ್ ಬರೆದುಕೊಟ್ಟರು. ಹೆಪಾರಿನ್ ಅಂತ. ದಿನಾ ಒಂದು, ಹೊಟ್ಟೆಯ ಚರ್ಮಕ್ಕೆ, ಹೆರಿಗೆಯ ತನಕ.

ಮಾವ ಕ್ವಿಂಟಾಲು ಅಕ್ಕಿ ಹೊರುವ ಗಂಡಸು. ಸೂಜಿ ಕಂಡರೆ ಕುಸಿದು ಕೂರುತ್ತಾನೆ. ಅವನ ತಾಯಿ ಹಂಪಮ್ಮತ್ತೆಗೆ ಕಣ್ಣು ಮಂಜು. "ನಮ್ಮ ಭೀಮನ ಹತ್ರ ಹಾಕಿಸ್ಕಂತೀನಿ," ಅಂದು ಅಕ್ಕ ತವರಿಗೆ, ಅಂದರೆ ನಾನೊಬ್ಬನೇ ಇರುವ ಕುರುಗೋಡಿನ ಮನೆಗೆ ಬಂದುಬಿಟ್ಟಳು. ನರ್ಸಮ್ಮನ ಹತ್ತಿರ ನಾನು ಕಲಿತೆ. ಬೇಸಿಗೆಯ ಬಿಸಿಗೆ ಕೆಡಬಾರದೆಂದು ಇಂಜೆಕ್ಷನ್ ಡಬ್ಬಿಯನ್ನು ನೀರಿನ ಗಡಿಗೆಯ ಪಕ್ಕ ಒದ್ದೆ ಮರಳಿನ ಮೇಲೆ ಇಟ್ಟೆ. ಬೆಳಕು ಹರಿಯುವ ಹೊತ್ತಿಗೆ ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾಳೆ. ನಾನು ಚರ್ಮ ಚಿವುಟಿ ಹಿಡಿದು ಸೂಜಿ ಇಳಿಸುತ್ತೇನೆ.

"ಮುಗೀತಾ?"

"ಮುಗೀತು."

"ಹಂಗಾದ್ರ ತಟ್ಟಿ ತಗೊಂಬಾ."

ಹೀಗೆ ಐದನೇ ತಿಂಗಳು ಹಿಡಿಯಿತು. ಈ ಕೂಸು ನಿಂತಿತ್ತು. ಒದೆಯಲೂ ಶುರುಮಾಡಿತ್ತು.

ಆಗ ಡಾಕ್ಟರಮ್ಮ ಬೇರೆ ಪರೀಕ್ಷೆಗಳ ಜೊತೆ ಥೈರಾಯ್ಡೂ ನೋಡೋಣ ಎಂದು ಚೀಟಿ ಕೊಟ್ಟರು. ಕುರುಗೋಡಿನಲ್ಲಿ ರಕ್ತ ತೆಗೆಯುವವನು ವಿರೂಪಾಕ್ಷಿ. ಅವನ ಅಂಗಡಿಯಲ್ಲಿ ಒಂದು ಕುರ್ಚಿ, ಒಂದು ಫ್ಯಾನು, ಒಂದು ಐಸ್ ಡಬ್ಬಿ. ರಕ್ತ ತೆಗೆದು ಬಳ್ಳಾರಿಯ ಲ್ಯಾಬಿಗೆ ಕಳಿಸುವುದಷ್ಟೇ ಅವನ ಪಾಲು. ಅವತ್ತೂ ನಾನು ಬೆಳಿಗ್ಗೆಯೇ ಹೊಟ್ಟೆಗೆ ಇಂಜೆಕ್ಷನ್ ಹಾಕಿದೆ. ಆಮೇಲೆ ಅಕ್ಕ ಸ್ನಾನ ಮಾಡಿ ಸಿದ್ಧವಾಗಿ, ವಿರೂಪಾಕ್ಷಿ ಅಂಗಡಿ ತೆಗೆದ ಮೇಲೆ ಹೋಗಿ ರಕ್ತ ಕೊಟ್ಟಳು. ಎರಡೂ ಸೂಜಿ ಮುಗಿಸಿ ಮನೆಗೆ ಬಂದು ಉಂಡಳು. ನಮ್ಮ ಕಟ್ಟಳೆಯ ಪ್ರಕಾರ ಅದು ಅಚ್ಚುಕಟ್ಟಾದ ದಿನ.

ರಿಪೋರ್ಟು ಬಂತು. ಥೈರಾಯ್ಡಿನ ಎರಡು ಸಾಲುಗಳಲ್ಲಿ ಒಂದು ಸರಿ ಇತ್ತು, ಇನ್ನೊಂದು ದಪ್ಪ ಅಕ್ಷರದಲ್ಲಿತ್ತು. ಫ್ರೀ ಟಿ-ಫೋರ್ ಜಾಸ್ತಿ. ಡಾಕ್ಟರಮ್ಮ ಮತ್ತೊಮ್ಮೆ ಮಾಡಿಸಿ ಅಂದರು. ಮತ್ತೆ ಅದೇ ಕುರ್ಚಿ, ಅದೇ ಬೆಳಿಗ್ಗೆ, ಅದೇ ಎರಡು ಸೂಜಿ. ಎರಡನೇ ಸಲ ಇನ್ನೂ ಜಾಸ್ತಿ ಬಂತು.

"ಒಂದು ಸಾಲು ಸರಿ, ಒಂದು ಸಾಲು ತಪ್ಪು. ಇದು ನನಗ ಹೊಂದಾಣಿಕಿ ಆಗವಲ್ದು," ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. "ಥೈರಾಯ್ಡ್ ನಿಜವಾಗ್ಲೂ ಹಿಂಗ ಏರಿದ್ರ ಮಗುಗೂ ತ್ರಾಸು, ತಾಯಿಗೂ ತ್ರಾಸು. ಅದನ್ನ ತಗ್ಗಿಸೋ ಮಾತ್ರಿ ಶುರು ಮಾಡ್ಬೇಕಾಗಬಹುದು. ಬಳ್ಳಾರಿ ಸತ್ಯನಾರಾಯಣಪೇಟೆಯೊಳಗ ಥೈರಾಯ್ಡ್ ನೋಡೋ ಸುಮಂಗಲಾ ಡಾಕ್ಟರ್ ಅದಾರ, ನಾಳೆನೇ ತೋರಿಸ್ರಿ. ತಡ ಮಾಡಬ್ಯಾಡ್ರಿ."

ಫೋನು ಇಟ್ಟ ಮೇಲೆ ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ಕೂತಳು. ಹಿಂದಿನ ಎರಡು ಸಲವೂ ಆಕೆ ಹೀಗೇ ಕೂತಿದ್ದಳು. ಅದನ್ನು ನೋಡಲಾಗದೆ ನಾನು ಎದ್ದೆ. ಯಾರನ್ನಾದರೂ ಹಿಡಿದು ಅಲುಗಿಸಬೇಕಿತ್ತು. ಹತ್ತಿರ ಸಿಗುವವನು ವಿರೂಪಾಕ್ಷಿ.

ಅಂಗಡಿಯೊಳಕ್ಕೆ ನಾನು ನುಗ್ಗಿದ ರೀತಿ ನೋಡಿಯೇ ಅವನು ಸಿರಿಂಜುಗಳ ಟ್ರೇ ಪಕ್ಕಕ್ಕಿಟ್ಟ.

"ಬಾರಪ್ಪ ಭೀಮ. ಕುಂತು ಸಿಟ್ ಮಾಡು. ನಿಂತು ಮಾಡಿದ್ರ ಬೀಪಿ ಏರತೈತಿ."

"ಯಾರ್ದೋ ರಕ್ತ ಅಕ್ಕನ ಹೆಸರಿಗೆ ಕಳಿಸೀ ನೀನು."

"ಎರಡು ಸಲನೂ ಯಾರ್ದೋ ರಕ್ತ ಕಳಿಸಾಕ ನಿಮ್ಮಕ್ಕನ ಮ್ಯಾಲೆ ನನಗೇನು ಹಗಿ ಐತೇನೋ? ಸಾಲ್ಯಾಗ ಆಕಿ ರೊಟ್ಟಿ ತಿಂದು ಬೆಳದಾಂವ ನಾನು. ರಕ್ತದ ಕೊಳವಿ ಮ್ಯಾಲೆ ಹೆಸರು ಬರದು, ಆಕಿ ಕಡೆಯಿಂದನೇ ಓದಿಸೀನಿ. ಕೇಳು ಬೇಕಾದ್ರ."

"ಹಂಗಾದ್ರ ಬಳ್ಳಾರ್ಯಾಗ ಕೆಡಿಸ್ಯಾರ."

"ಇರಬಹುದು. ಮಷಿನ್ ಅಲ್ಲೈತಿ. ನನ್ನ ಕುತ್ತಿಗಿ ಹಿಡದ್ರ ಅದೇನು ಬಾಯಿ ಬಿಡತೈತಾ?"

ನಾನು ಅವನ ಕುತ್ತಿಗೆ ಹಿಡಿದಿರಲಿಲ್ಲ. ಕೈ ಮಾತ್ರ ಅಲ್ಲೇ ಸಮೀಪದಲ್ಲಿತ್ತು. ಇಳಿಸಿದೆ.

"ಕೊಳವಿ ಹೆಂಗ ಕಳಿಸ್ತಿ?"

"ಎಲ್ಲಾರ್ದೂ ಹೆಂಗ ಹೋಗತಾವೋ ಹಂಗ. ಮಧ್ಯಾಹ್ನದ ಬಸ್ಸಿಗೆ. ಡಬ್ಬಿ ತುಂಬೋತನ ಕಾಯ್ತೀನಿ, ಕಂಡಕ್ಟರ್ ಸೀಟಿನ ಕೆಳಗ ಇಡ್ತೀನಿ, ಬಳ್ಳಾರ್ಯಾಗ ಲ್ಯಾಬಿನೋರು ಇಳಿಸ್ಕಂತಾರ." ಅವನು ನನ್ನ ಮುಖ ನೋಡಿ ದನಿ ತಗ್ಗಿಸಿದ. "ಐಸು ಹಾಕಿರ್ತೀನೋ ಮಾರಾಯ. ಈ ಬಿಸ್ಲಾಗ ಅದು ಎಷ್ಟೊತ್ತು ನಿಲ್ತೈತಿ ಅಂತ ದೇವ್ರಿಗೆ ಗೊತ್ತು. ಗೌತಮಕ್ಕ ಹೆಂಗದಾಳ?"

ಅಕ್ಕ ಹೇಗಿದ್ದಾಳೆಂದು ಕೇಳಿದ ಮೇಲೆ ಅವನನ್ನು ಹೊಡೆಯುವುದು ಹೇಗೆ? ಹಾಳಾಗಿ ಹೋಗು ಎಂದು ಹೇಳಿ ಹೊರಬಂದೆ. ಅದನ್ನೂ ಮೆತ್ತಗೆ ಹೇಳಿದೆ.

ಮನೆಗೆ ಬಂದರೆ ರಿಪೋರ್ಟಿನ ಸುದ್ದಿ ಕೇಳಿ ಸಿರುಗುಪ್ಪದಿಂದ ಮಾವನೂ ಹಂಪಮ್ಮತ್ತೆಯೂ ಬಂದಿದ್ದರು. ಗಡಿಗೆಯ ಪಕ್ಕದ ಮರಳಿನ ಮೇಲೆ ಡಬ್ಬಿ ಇರಲಿಲ್ಲ. ಅತ್ತೆ ಅದನ್ನು ಬುದ್ಧನ ಪಟದ ಹಿಂದೆ, ಎತ್ತರದ ಗೂಡಿಗೆ ಏರಿಸಿದ್ದಳು.

"ಡಬ್ಬಿ ಯಾಕ ಮ್ಯಾಲೆ ಹೋಗೈತಿ?" ಅಂದೆ.

"ಸಾಕಪ್ಪ ಭೀಮ," ಅಂದಳು ಹಂಪಮ್ಮತ್ತೆ. ದನಿಯಲ್ಲಿ ಜಗಳ ಇರಲಿಲ್ಲ. ಅದೇ ಕಷ್ಟ. "ಮೊದ್ಲು ಆಕಿಗೆ ಈ ಥೈರಾಡು ಗೀರಾಡು ಏನೂ ಇರ್ಲಿಲ್ಲ. ದಿನಾ ಹೊಟ್ಟಿಗೆ ಚುಚ್ಚಿ ಚುಚ್ಚಿ ರಕ್ತಾನ ಕೆಟ್ಟೈತಿ. ಹೊಟ್ಟಿ ನೋಡಿಯೇನು, ನೇರಳೆ ಹಣ್ಣು ಹಿಚುಕಿದಂಗ ಕಲೆ ಆಗ್ಯಾವ."

"ಕಲೆ ಆಗ್ತಾವ ಅಂತ ನರ್ಸಮ್ಮ ಮೊದ್ಲೇ ಹೇಳ್ಯಾಳ. ಸೂಜಿ ಬಿಟ್ರ ಕೂಸು ಹೋಗತೈತಿ ಅತ್ತಿ."

"ಸೂಜಿ ಹಾಕಿದ್ರ ತಾಯಿನೇ ಹೋದ್ರ?"

ಮಾವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. "ನನಗೇನೂ ತಿಳೀವಲ್ದು ಭೀಮ," ಅಂದ. "ಎರಡು ಸಲ ಕೂಸು ಹೋದಾಗ್ಲೂ ನಾನು ಮಿಲ್ಲಿನ್ಯಾಗಿದ್ದೆ. ಈ ಸಲ ಅವ್ವ ಹೇಳಿದಂಗೂ ಕೇಳಿ, ಡಾಕ್ಟರ್ ಹೇಳಿದಂಗೂ ಕೇಳಾಕ ಬರೋ ಹಂಗಿದ್ರ ಕೇಳ್ತಿದ್ದೆ."

ಅವನ ಮೇಲೂ ಸಿಟ್ಟು ಮಾಡಲಾಗಲಿಲ್ಲ. ಹಗ್ಗದಂಥ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ ಮನುಷ್ಯ. ಅಕ್ಕ ತಟ್ಟೆಗಳನ್ನು ಸಾಲಾಗಿ ಇಟ್ಟಳು. "ಉಣ್ಣಾಕ ಕುಂದ್ರಿ ಎಲ್ಲಾರೂ," ಅಂದಳು. "ತಟ್ಟಿ ಮುಂದ ಈ ಮಾತು ಬ್ಯಾಡ." ಕಟ್ಟಳೆ ಕಟ್ಟಳೆಯೇ. ಸುಮ್ಮನೆ ಉಂಡೆವು.

ಮರುದಿನ ಬೆಳಿಗ್ಗೆ ನಾನು ಸ್ಟೂಲು ಹತ್ತಿ ಡಬ್ಬಿ ಇಳಿಸಿದೆ. ಸಿರಿಂಜು ಹಿಡಿದು ಅಕ್ಕನ ಮುಂದೆ ಕೂತೆ. ಆಕೆ ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡಿದಳು.

"ಇವತ್ತು ಬ್ಯಾಡ ಭೀಮ."

"ಅಕ್ಕಾ."

"ಬಿಡ್ತೀನಿ ಅಂತ ಅಲ್ಲ. ಆ ಡಾಕ್ಟರ್ ನೋಡಲಿ. ಹಾಕು ಅಂದ್ರ ಅಲ್ಲೇ ಹಾಕು. ಒಂದೊಪ್ಪತ್ತು ತಡ ಆಗ್ಲಿ." ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. "ಅತ್ತಿ ಹೇಳಿದ್ದು ಖರೇ ಇದ್ರ? ನಾನೇ ಚುಚ್ಚಿಸ್ಕೊಂಡು ನಾನೇ ಇದನ್ನ ಕಳಕೊಂಡ್ರ?"

ನಾನು ಸಿರಿಂಜಿನ ಮುಚ್ಚಳ ಹಾಕಿ, ತಣ್ಣನೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡೆ. ಎದೆಯಲ್ಲಿ ಭಯ ಇತ್ತು. ನನಗೆ ಭಯ ಬಂದರೂ ಅದು ಸಿಟ್ಟಿನ ಅಂಗಿ ತೊಟ್ಟೇ ಬರುತ್ತದೆ, ಹಾಗಾಗಿ ಬಾಗಿಲನ್ನು ಜೋರಾಗಿ ಎಳೆದೆ. ಸೂಜಿ ಬಾಕಿ ಇತ್ತು, ಹಾಗಾಗಿ ಅಕ್ಕ ತಿಂಡಿಯನ್ನೂ ಮುಟ್ಟಲಿಲ್ಲ. ಹಂಪಮ್ಮತ್ತೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡಳು.

ನಮ್ಮ ಜೀನ್ಸ್ ಗೋಡೌನಿನ ವ್ಯಾನು ಓಡಿಸುವ ಮುಸ್ತಾಕ್ ಹೊಲಿಗೆಯ ಪೀಸು ಹಂಚಲು ಕುರುಗೋಡಿಗೆ ಬಂದಿದ್ದ. ವಾಪಸ್ಸು ಹೋಗುವಾಗ ನಮ್ಮನ್ನೂ ಹತ್ತಿಸಿಕೊಂಡ. ಹಿಂದೆ ಜೀನ್ಸ್ ಗಂಟುಗಳನ್ನು ಗಾದಿಯ ಹಾಗೆ ಹರವಿ, "ಕುಂದ್ರಕ್ಕ. ಇಷ್ಟು ಮೆತ್ತನ್ನ ಸೀಟು ಮಂತ್ರಿಗೋಳ ಕಾರಿನ್ಯಾಗೂ ಇಲ್ಲ," ಅಂದ. ರಸ್ತೆಯ ಪ್ರತಿ ಗುಂಡಿಗೂ ವ್ಯಾನನ್ನು ಹೆಚ್ಚುಕಡಿಮೆ ನಿಲ್ಲಿಸಿಯೇ ಇಳಿಸಿದ. ನಾನು ಬೇಗ ಹೋಗೋ ಅಂದೆ. "ನಿನ್ನ ಬೇಗದಿಂದ ಹೋದ್ರ ಹೆರಿಗಿ ವ್ಯಾನಿನ್ಯಾಗ ಆಗತೈತಿ, ಸುಮ್ನಿರು," ಅಂದ. ಅಕ್ಕ ನಕ್ಕಳು. ಎರಡು ದಿನದಲ್ಲಿ ಅದೇ ಮೊದಲ ನಗು.

ಸತ್ಯನಾರಾಯಣಪೇಟೆಯ ಆ ದವಾಖಾನೆ ಹಳೆಯ ಮನೆಯೊಂದರಲ್ಲಿತ್ತು. ಪಡಸಾಲೆಯಲ್ಲಿ ಬೆಂಚು, ಪಕ್ಕದ ಕೋಣೆಯಲ್ಲೇ ಲ್ಯಾಬು. ಸುಮಂಗಲಾ ಡಾಕ್ಟರು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ನಮ್ಮ ನಾಲ್ವರನ್ನೂ ನೋಡಿದರು.

"ಬಾಯಮ್ಮ. ಕಾಯಿಲಿ ಒಬ್ಬರಿಗೆ ಅಂದಂಗಿತ್ತು, ದಿಬ್ಬಣನೇ ಬಂದೈತಲ್ಲ."

ಎರಡು ರಿಪೋರ್ಟನ್ನೂ ನಾನು ಮೇಜಿನ ಮೇಲೆ ಕುಕ್ಕಿದೆ. ನಾನು ಕುಕ್ಕಿದ್ದನ್ನು ಅವರು ಕಾಣದವರ ಹಾಗೆ ಓದಿದರು. ಆಮೇಲೆ ಅಕ್ಕನ ನಾಡಿ ಹಿಡಿದು ಗೋಡೆಯ ಗಡಿಯಾರ ನೋಡಿದರು. ಕೊರಳು ಮುಟ್ಟಿದರು. ಕಣ್ಣು ನೋಡಿದರು. ಎರಡೂ ಕೈ ಮುಂದೆ ಚಾಚಿಸಿ, ಬೆರಳುಗಳ ಮೇಲೆ ಒಂದು ತೆಳ್ಳನೆ ಕಾಗದ ಹಾಸಿದರು. ಕಾಗದ ಅಲುಗಲಿಲ್ಲ.

"ಎದಿ ಡವಡವ ಅನ್ನತೈತಾ?"

"ಇಲ್ರಿ. ನಿನ್ನೆಯಿಂದ ಹೆದರಿಕಿಗೆ ಅಂದೈತಿ."

"ಬೆವರು ಜಾಸ್ತಿ?"

"ಈ ಬಿಸ್ಲಾಗ ಬಳ್ಳಾರ್ಯಾಗ ಬೆವರದೋರು ಯಾರ್ರೀ ಮೇಡಂ," ಅಂದ ಮಾವ. ಡಾಕ್ಟರು ನಕ್ಕರು. ಆಮೇಲೆ ಅಕ್ಕನ ಮದ್ದಿನ ಚೀಟಿ ಎತ್ತಿ, ಅದರ ಮೇಲೆ ಬೆರಳಿಟ್ಟು ನಿಂತುಬಿಟ್ಟರು.

"ಈ ಹೆಪಾರಿನ್ ಯಾರು ಹಾಕ್ತಾರ?"

"ನಾನು," ಅಂದೆ.

"ಎಷ್ಟೊತ್ತಿಗೆ?"

"ಬೆಳಕು ಹರಿಯೋ ಹೊತ್ತಿಗೆ. ಕೆಲಸಕ್ಕ ಹೋಗಾಕ ಮುಂಚೆ."

"ರಕ್ತ ಕೊಟ್ಟ ದಿನ?"

"ಅವತ್ತೂ ಹಂಗ. ಮೊದ್ಲು ಇಂಜೆಕ್ಷನ್. ಆಮ್ಯಾಲೆ ವಿರೂಪಾಕ್ಷಿ ಅಂಗಡಿ ತಗದ ಮ್ಯಾಲೆ ರಕ್ತ."

"ಎರಡು ಸಲನೂ?"

"ಎರಡು ಸಲನೂ. ಸೂಜಿ ಎಲ್ಲಾ ಊಟಕ್ಕ ಮುಂಚೆ ಮುಗೀಬೇಕು ಅಂತ."

"ಯಾಕ?"

ನಾನು ಅಕ್ಕನ ಕಡೆ ನೋಡಿದೆ. ಕೇಳಿದರೆ ನಗುವರೇನೋ ಎಂಬ ಅಂಜಿಕೆ. ಅಕ್ಕನೇ ಹೇಳಿದಳು, ಜಾಲಿಮುಳ್ಳು, ಪಿನ್ನು, ರೊಟ್ಟಿ ಎಲ್ಲವನ್ನೂ. "ನಾನು ಅವನಿಗೆ ಮಾಡಿದ್ದು, ಈಗ ಅಂವ ನನಗ ಮಾಡಾಕತ್ತಾನ," ಅಂದಳು. ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ರಕ್ತ ಬಳ್ಳಾರಿಗೆ ಹೆಂಗ ಬಂತು?"

ಮಧ್ಯಾಹ್ನದ ಬಸ್ಸು, ಕಂಡಕ್ಟರ್ ಸೀಟು, ಕರಗಿದ ಐಸು ಎಲ್ಲ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು.

"ಬಸ್ಸಿನ ಲೆಕ್ಕದಾಗೇ ಹೇಳ್ತೀನಿ, ಕೇಳ್ರಿ. ರಕ್ತದಾಗ ಥೈರಾಯ್ಡಿನ ಹಾರ್ಮೋನು ಇರತೈತಲ್ಲ, ಅದು ಹೆಚ್ಚುಕಡಿಮಿ ಎಲ್ಲಾ ಸೀಟಿನ ಮ್ಯಾಲೆ ಕುಂತಿರತೈತಿ. ಸೀಟು ಅಂದ್ರ ರಕ್ತದ ಪ್ರೋಟೀನು. ಎದ್ದು ಅಡ್ಡಾಡೋದು ಒಂದೀಟು ಮಾತ್ರ. ಫ್ರೀ ಟಿ-ಫೋರ್ ಅಂದ್ರ ಆ ಎದ್ದು ನಿಂತೋರ ಲೆಕ್ಕ. ಈಗ ಹೆಪಾರಿನ್ ಹಾಕಿದ್ರಿ. ಅದು ರಕ್ತದಾಗಿನ ಕೊಬ್ಬು ಒಡಿಯೋ ಒಂದು ಸಾಮಾನನ್ನ ಎಬ್ಬಿಸ್ತೈತಿ. ಮೈಯಾಗ ಇದ್ದಾಗ ಅದರಿಂದ ತ್ರಾಸಿಲ್ಲ. ಆದ್ರ ಅದೇ ಹೊತ್ತಿನ್ಯಾಗ ರಕ್ತ ತಗದು ಕೊಳವಿಗೆ ಹಾಕಿದ್ರ ಅದು ಅಲ್ಲೂ ಕೊಬ್ಬು ಒಡೀತಾನ ಕುಂದ್ರತೈತಿ. ಬಿಸಿ ಆದಷ್ಟು, ತಡ ಆದಷ್ಟು ಜಾಸ್ತಿ. ಆ ಕೊಬ್ಬಿನ ಚೂರುಗೋಳು ಬಂದು, ಏಳ್ರಿ ಏಳ್ರಿ ನಮ್ಮ ಸೀಟು ಅಂತ ಹಾರ್ಮೋನನ್ನ ಎಬ್ಬಿಸ್ತಾವ. ಬಳ್ಳಾರ್ಯಾಗ ಮಷಿನ್ ನೋಡಿದಾಗ ನಿಂತೋರೇ ನಿಂತೋರು. ಬಸ್ಸು ತುಂಬಿ ತುಳುಕಾಕತ್ತೈತಿ ಅಂತ ಬರಕೊಡ್ತೈತಿ."

"ಅಂದ್ರ ಜನ ಜಾಸ್ತಿ ಆಗಿಲ್ಲ," ಅಂದ ಮಾವ ಮೆಲ್ಲಗೆ.

"ಆಗಿಲ್ಲ ಅಂತ ನನ್ನ ಅನಮಾನ. ನಿಜವಾಗ್ಲೂ ಜಾಸ್ತಿ ಆಗಿದ್ರ ಈ ಇನ್ನೊಂದು ಸಾಲು, ಟಿ.ಎಸ್.ಎಚ್. ಅಂತ ಐತಲ್ಲ, ಇದು ಕೆಳಗ ಬಿದ್ದಿರಬೇಕಿತ್ತು. ಎರಡು ಸಲನೂ ಜಗ್ಗಿಲ್ಲ. ಆಕಿ ಕೈ ನಡಗಿಲ್ಲ, ನಾಡಿ ಓಡಿಲ್ಲ. ನಿಮ್ಮ ಹೆರಿಗಿ ಡಾಕ್ಟರು ಮಾತ್ರಿ ಕೊಡದ ಇಲ್ಲಿಗೆ ಕಳಿಸಿದ್ದು ಪುಣ್ಯ. ಇಲ್ಲದ ಕಾಯಿಲಿಗೆ ಆ ಮಾತ್ರಿ ತಗೊಂಡ್ರ ಕೂಸಿನ ಥೈರಾಯ್ಡು ಕುಗ್ತಿತ್ತು."

ನನ್ನ ಕಿವಿ ಬಿಸಿಯಾಗಿತ್ತು. ಇಷ್ಟು ದಿನ ಹುಡುಕಿದ ಕಳ್ಳ ನನ್ನ ಕೈಯಲ್ಲೇ ಇದ್ದ.

"ಹಂಗಾದ್ರ ನಾನು ಹಾಕಿದ ಸೂಜಿನೇ ಇಷ್ಟೆಲ್ಲಾ ಮಾಡೈತಿ," ಅಂದೆ.

"ನಿನ್ನ ಸೂಜಿ ಕೂಸನ್ನ ಇಲ್ಲೀತನ ತಂದೈತಿ," ಅಂದರು ಡಾಕ್ಟರು. "ಕೊಳವ್ಯಾಗ ಒಂದು ಸುಳ್ಳು ಹೇಳೈತಿ, ಅಷ್ಟೇ. ಮೊದ್ಲು ರಕ್ತ, ಆಮ್ಯಾಲೆ ಇಂಜೆಕ್ಷನ್ ಅಂತ ನಿಮಗ ಯಾರೂ ಹೇಳಿಲ್ಲ. ಇವತ್ತು ಹಾಕಿದ್ದು ಎಷ್ಟೊತ್ತಿಗೆ?"

"ಇವತ್ತು ಹಾಕಿಸ್ಕೊಂಡಿಲ್ರಿ," ಅಂದಳು ಅಕ್ಕ, ತಪ್ಪು ಮಾಡಿದವಳ ಹಾಗೆ. "ನನಗ ಅಂಜಿಕಿ ಆತು."

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ನಿನ್ನಿ ಬೆಳಿಗ್ಗಿಂದ ಇಲ್ಲ? ಅಂದ್ರ ಈಗ ಮೈಯಾಗ ಅದರ ಜೋರು ಇಳದೈತಿ. ಇಂಥಾ ಅಂಜಿಕಿ ಎಲ್ಲಾರಿಗೂ ಬರಲಿ. ಏಳಮ್ಮ, ಈಗ್ಲೇ ರಕ್ತ ಕೊಡು. ಇಲ್ಲೇ ಮಷಿನ್ ಐತಿ, ಬಸ್ಸು ಹತ್ತಾದೇನೂ ಬ್ಯಾಡ."

"ಹಂಗಾದ್ರ ಸೂಜಿ ಬಿಡಾದು ಬ್ಯಾಡೇನ್ರಿ?" ಹಂಪಮ್ಮತ್ತೆ ಸೆರಗು ಬಿಗಿಹಿಡಿದು ಕೇಳಿದಳು.

"ಬಿಟ್ರ ಸಿರುಗುಪ್ಪಕ್ಕೇ ಬಂದು ಬೈತೀನಿ ನಿಮ್ಮನ್ನ."

ಪಕ್ಕದ ಕೋಣೆಯಲ್ಲಿ ರಕ್ತ ತೆಗೆದರು. ಆಮೇಲೆ ಅದೇ ಬೆಂಚಿನ ಮೇಲೆ ಅಕ್ಕ ಗೋಡೆಗೆ ಒರಗಿದಳು. ಮಾವ ಇನ್ನೊಂದು ಗೋಡೆಗೆ ಮುಖ ಮಾಡಿ ನಿಂತ. ನಾನು ಡಬ್ಬಿಗೆ ಸುತ್ತಿದ್ದ ತಣ್ಣನೆ ಬಟ್ಟೆ ಬಿಚ್ಚಿ ಸಿರಿಂಜು ತೆಗೆದೆ. ಆಗ ನೋಡಿದರೆ ನನ್ನ ಕೈ ನಡುಗುತ್ತಿತ್ತು. ಕತ್ತರಿಸುವ ಮಷಿನ್ನಿನ ಮೇಲೆ ಎಂದೂ ನಡುಗದ ಕೈ.

ಬಾಗಿಲಲ್ಲಿ ನಿಂತಿದ್ದ ಡಾಕ್ಟರು, "ಥೈರಾಯ್ಡ್ ನಿನ್ನದು ನೋಡಬೇಕೇನಪ್ಪ ಹಂಗಾದ್ರ," ಅಂದರು.

ಅಕ್ಕ ಕಣ್ಣು ಮುಚ್ಚಿಯೇ ನನ್ನ ಮಣಿಕಟ್ಟು ಹಿಡಿದಳು. ಕೈ ನಿಂತಿತು. ಸೂಜಿ ಇಳಿಸಿದೆ.

"ಮುಗೀತಾ?"

"ಮುಗೀತು."

ಆದರೆ ತಟ್ಟೆ ತಾ ಎಂದು ಅಕ್ಕ ಹೇಳಲಿಲ್ಲ. ಫಲಿತಾಂಶ ಬರಲು ಮಧ್ಯಾಹ್ನ ಆಗುತ್ತದೆಂದು ಲ್ಯಾಬಿನವರು ಹೇಳಿದ್ದರು. ಹೊರಗೆ ಬೇವಿನ ನೆರಳಿನ ಕಟ್ಟೆಯ ಮೇಲೆ ಕೂತೆವು. ಹಂಪಮ್ಮತ್ತೆ ಗಂಟು ಬಿಚ್ಚಿ ರೊಟ್ಟಿ ಹರವಿದಳು. ಅಕ್ಕ ಮುಖ ಆಚೆ ತಿರುಗಿಸಿದಳು.

"ಉಣ್ಣವ್ವ. ಕೂಸಿಗೆ ಹಸಿವಾಗಿರತೈತಿ."

"ಸುದ್ದಿ ಬರ್ಲಿ ಅತ್ತಿ. ಅದೂ ಒಂದು ಸೂಜಿನೇ ಅಲ್ಲೇನು. ಉಂಡ ಮ್ಯಾಲೆ ಬಂದ್ರ ನನ್ನ ಕೈಲೆ ತಾಳಾಕ ಆಗಂಗಿಲ್ಲ."

ಹಂಪಮ್ಮತ್ತೆ ನನ್ನನ್ನು ನೋಡಿದಳು. ಮಾವ ನೋಡಿದ. ಬಿಸಿಲು ಕಟ್ಟೆಯ ಅಂಚಿಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಸಿಟ್ಟು ಬರಬೇಕಿತ್ತು. ಐದು ತಿಂಗಳ ಬಸುರಿ ಉಪವಾಸ ಕೂತಿದ್ದಾಳೆ, ಅದೂ ತಾನೇ ಮಾಡಿದ ಕಟ್ಟಳೆಗೆ. ಆದರೆ ಯಾರ ಮೇಲೆ ಸಿಟ್ಟಾಗಲಿ? ವಿರೂಪಾಕ್ಷಿಯ ಮೇಲೆ ಆಗಿ ಮುಗಿದಿತ್ತು. ಅತ್ತೆಯ ಮೇಲೆ ಆಗುವಂತಿರಲಿಲ್ಲ. ನನ್ನ ಮೇಲೆ ಆಗಲು ಹೋದರೆ ಅಕ್ಕ ಬಿಡುತ್ತಿರಲಿಲ್ಲ.

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಅವಳ ಕಾಲು ಬಾತಿತ್ತು. ಚಪ್ಪಲಿ ಬಿಡಿಸಿ, ಒಂದು ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ.

"ಏನ್ ಮಾಡಾಕತ್ತೀಯೋ, ಜನ ನೋಡತಾರ."

"ಮುಳ್ಳು ನೋಡಾಕತ್ತೀನಿ." ಅಂಗಾಲನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. "ಇಲ್ಲಿಲ್ಲ. ಇಲ್ಲೂ ಇಲ್ಲ. ಹಿಮ್ಮಡ್ಯಾಗೂ ಇಲ್ಲ. ಅಕ್ಕ, ಡಾಕ್ಟರು ಹೇಳಿದ್ದು ಕೇಳಿದಿಲ್ಲ? ಮುಳ್ಳು ನಿನ್ನ ಮೈಯಾಗಿಲ್ಲ. ಕೊಳವ್ಯಾಗಿತ್ತು. ಕೊಳವಿಗೆ ಮುಳ್ಳು ಮುರದ್ರ ನೀನ್ಯಾಕ ಉಪವಾಸ ಇರ್ತಿ?"

ಅಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ, "ಕೈ ತೊಳಕೊ ಮೊದ್ಲು. ಕಾಲು ಮುಟ್ಟಿದ ಕೈ," ಅಂದಳು. ರೊಟ್ಟಿ ಎತ್ತಿಕೊಂಡಳು. ಚಟ್ನಿ ಹಚ್ಚಿ, ಮುರಿದು, ಮೊದಲ ತುಂಡನ್ನು ತನ್ನ ಬಾಯಿಗೆ ಇಟ್ಟುಕೊಳ್ಳದೆ ನನ್ನ ಬಾಯಿಗೆ ತುರುಕಿದಳು. ಎರಡನೆಯದು ಅವಳದು. ಹಂಪಮ್ಮತ್ತೆ ಅವಳ ತಟ್ಟೆಗೆ ಮೊಸರು ಸುರಿದು, "ನೇರಳೆ ಕಲೆ ಹೋಗ್ತಾವೇಳು, ನನಗ ಕಣ್ಣು ಮಂಜು, ಜಾಸ್ತಿನೇ ಕಂಡಾವ," ಎಂದು ತನಗೆ ತಾನೇ ಹೇಳಿಕೊಂಡಳು.

ಉಣ್ಣುತ್ತಿದ್ದಾಗಲೇ ಡಾಕ್ಟರು ಬಂದರು. ಒಳಕ್ಕೆ ಕರೆಯಲಿಲ್ಲ, ಕಟ್ಟೆಯ ತನಕ ತಾವೇ ಬಂದರು. ಅಕ್ಕನ ಕೈಯ ತುತ್ತು ಅರ್ಧ ದಾರಿಯಲ್ಲಿ ನಿಂತಿತು.

"ಉಣ್ಣು, ಉಣ್ಣು. ಊಟದ ಮುಂದ ನೋಯಿಸೋ ಮಾತು ಹೇಳಾಕ ನಿಮ್ಮ ಮನ್ಯಾಗ ಬಿಡಂಗಿಲ್ಲಂತಲ್ಲ," ಅಂದರು. ಕಾಗದವನ್ನು ಮೊಸರಿನ ಡಬ್ಬಿಯ ಪಕ್ಕ ಇಟ್ಟರು. "ಅದಕ್ಕ ಈಗ ಬಂದೆ. ಎರಡೂ ಸಾಲು ಸರಿ ಅದಾವ. ನಿನ್ನ ಥೈರಾಯ್ಡಿಗೆ ಏನೂ ಆಗಿಲ್ಲ. ಮಾತ್ರಿ ಬ್ಯಾಡ. ಇಂಜೆಕ್ಷನ್ ಬಿಡಂಗಿಲ್ಲ. ಮುಂದಿನ ತಿಂಗಳು ಇನ್ನೊಮ್ಮೆ ನೋಡೋಣ, ಮೊದ್ಲು ರಕ್ತ ತಗದು."

ಮಾವ ಮೂಟೆ ಇಳಿಸಿದವನ ಹಾಗೆ ಉಸಿರು ಬಿಟ್ಟು, ಅಲ್ಲೇ ಬೇವಿನ ಬೊಡ್ಡೆಗೆ ಒರಗಿ ಕುಸಿದು ಕೂತ. ಸೂಜಿಯೇ ಇಲ್ಲದೆ ಕುಸಿದದ್ದು ಅದೊಂದೇ ಸಲ. ಅಕ್ಕ ನಗುತ್ತಾ ಅತ್ತಳು. ತಟ್ಟೆಯ ಮುಂದೆ ಅಳಬಾರದೆಂದು ಅವಳಿಗೆ ನಾನು ನೆನಪು ಮಾಡಲಿಲ್ಲ.

ಮುಂದಿನ ತಿಂಗಳು ವಿರೂಪಾಕ್ಷಿ ಬೆಳಕು ಹರಿಯುವ ಮೊದಲೇ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ಕೊಳವೆಯನ್ನು ಮೊದಲ ಬಸ್ಸಿಗೆ, ತುಂಬ ಐಸು ಹಾಕಿ, ತಾನೇ ಒಯ್ಯುತ್ತೇನೆಂದ.

"ಸರಕೊಳೋ ಭೀಮ," ಅಂದ. "ಮೊದ್ಲು ನಂದು, ಆಮ್ಯಾಲೆ ನಿಂದು. ಇಲ್ಲಾಂದ್ರ ನೀನು ಮತ್ತ ಕುತ್ತಿಗಿಗೆ ಬರ್ತಿ."

ಅವನು ತೋಳಿನಿಂದ ರಕ್ತ ತೆಗೆದ. ನಾನು ಹೊಟ್ಟೆಗೆ ಇಂಜೆಕ್ಷನ್ ಹಾಕಿದೆ. ಅಕ್ಕ ಎರಡಕ್ಕೂ ಒಂದೇ ಸಲ ಕಣ್ಣು ಮುಚ್ಚಿದ್ದಳು.

"ಮುಗೀತಾ?"

"ಎಲ್ಲಾ ಮುಗೀತು."

"ಹಂಗಾದ್ರ ತಟ್ಟಿ ತಗೊಂಬಾ. ವಿರೂಪಾಕ್ಷಿಗೂ ಒಂದು. ಬಸ್ಸಿಗೆ ಇನ್ನೂ ಹೊತ್ತೈತಿ."